ಸಹಾಯ ಬೇಕು: 4×5 ಶೀಟ್ ಫಿಲ್ಮ್‌ನಲ್ಲಿ ಆಕಾಶದ ಅಂಚಿಗೆ ದಟ್ಟ ಪಟ್ಟಿ
ಮೈಸೂರು, ಮಂಡ್ಯ ಕಡೆ ಶೀಟ್ ಫಿಲ್ಮ್ (ಒಂದು ಫೋಟೋಗೆ ಒಂದು ಬಿಡಿ ಹಾಳೆ, ನನ್ನದು 4×5 ಇಂಚು) ಮನೆಯಲ್ಲೇ ಡೆವಲಪ್ ಮಾಡೋರು ದಯವಿಟ್ಟು ನೋಡಿ. ಕುಂತಿಬೆಟ್ಟದ ನೆಗೆಟಿವ್‌ಗಳಲ್ಲಿ ಬಂಡೆಯ ಬಿರುಕೂ ಎಣಿಸೋ ಹಾಗಿದೆ. ಆಕಾಶದಲ್ಲಿ ಮಾತ್ರ ಅಂಚಿನಿಂದ ಅರ್ಧ ಇಂಚು ದಟ್ಟ ಪಟ್ಟಿ.

ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಫಿಲ್ಮ್, ಡಿ-76 ಡೆವಲಪರ್ 1+1 (ಒಂದು ಪಾಲಿಗೆ ಒಂದು ಪಾಲು ನೀರು), 20 ಡಿಗ್ರಿ, 11 ನಿಮಿಷ. ನಲ್ಲಿ ನೀರು 26 ಡಿಗ್ರಿ ಇರೋದರಿಂದ ಟ್ರೇ ಸುತ್ತ ಐಸ್ ನೀರು. 2 ನಿಮಿಷ ಬರೀ ನೀರಲ್ಲಿ ನೆನೆಸಿ, 5×7 ಟ್ರೇಯಲ್ಲಿ 500 ಮಿಲಿಗೆ ನಾಲ್ಕು ಶೀಟ್. 5 ಸೆಕೆಂಡಿಗೊಮ್ಮೆ ಅಡಿಯದನ್ನು ಮೇಲಕ್ಕೆ.

ಅದೇ ಹೋಲ್ಡರಿನ (ಶೀಟ್ ಇಟ್ಟು ಕ್ಯಾಮೆರಾಗೆ ಹಾಕೋ ಚೌಕಟ್ಟು) ಶೀಟನ್ನು ಒಂಟಿಯಾಗಿ ಮಾಡಿದರೆ ಪಟ್ಟಿಯಿಲ್ಲ. ಹಾಗಾಗಿ ಬೆಳಕು ಸೋರಿದ್ದಲ್ಲ, ಶೀಟ್ ಎಳೆಯುವಾಗ ಅಂಚಿಗೆ ಡೆವಲಪರ್ ನುಗ್ಗುತ್ತಿದೆ ಅನ್ನೋದು ನನ್ನ ಊಹೆ. 8×10 ಟ್ರೇಗೆ ಹೋಗಲಾ, ಅಥವಾ 1+3ರಲ್ಲಿ ನಿಧಾನ ತಿರುಗಿಸಲಾ? ನೀವು ಎಷ್ಟು ಸೆಕೆಂಡಿಗೊಮ್ಮೆ ತಿರುಗಿಸ್ತೀರಿ?