ನಿಲಸ್ಕಲ್, ಬೈಸೆಯ ನಿಂತ ಕಲ್ಲು ನೋಡಲು ಹೋಗಬೇಕು, ಅನುಭವ ಹೇಳಿ

ಸಾಗರದಿಂದ ಪ್ರಶ್ನೆ:

ನನ್ನ ಮಗಳು ಏಳನೇ ಕ್ಲಾಸು. ಅವಳ ಚಿಕ್ಕಪ್ಪ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಕ್ಕೆ ಹೋಗಿ ಬಂದ. ಅಲ್ಲಿ ಮೂರಾಳೆತ್ತರದ ಕಲ್ಲುಗಳು ನಿಂತಿವೆ, ಪಕ್ಕದಲ್ಲೇ 5000 ವರ್ಷ ಹಳೆಯ ಹಳ್ಳಿಯ ಗೋಡೆ ಸಾಲು. ಫೋಟೋ ನೋಡಿದಾಗಿನಿಂದ ಇವಳಿಗೆ ಅದೇ ಗುಂಗು. "ನಮ್ಮಲ್ಲಿ ಇಂಥದ್ದು ಇಲ್ವಾ ಅಮ್ಮ?" ಅಂತ ದಿನಾ ಕೇಳುತ್ತಾಳೆ. ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಯಲ್ಲಿ ನಿಂತ ಕಲ್ಲುಗಳಿವೆ ಎಂದು ಕೇಳಿದ್ದೇನೆ. ಯಾವಾಗ ಹೋದರೆ ಒಳ್ಳೆಯದು? ಹಳೆಯ ಹಳ್ಳಿಯ ಗುರುತು ಏನಾದರೂ ಕಾಣುತ್ತಾ? ಜೊತೆಗೆ ಅತ್ತೆಯೂ ಬರುತ್ತಾರೆ, ಅವರಿಗೆ ಮಂಡಿ ನೋವು.

ತೀರ್ಥಹಳ್ಳಿಯವರು:

ಮಳೆಗಾಲ ಬೇಡವೇ ಬೇಡ. ನಾವು ಜುಲೈಯಲ್ಲಿ ಹೋಗಿ ಕೆಟ್ಟೆವು. ಕಾರು ಕೆಸರಲ್ಲಿ ಕೂತಿತು, ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಸಂಜೆ ಆಯಿತು. ನನ್ನ ಮಗನ ಸಾಕ್ಸಿನಿಂದ ಒಂಬತ್ತು ಇಂಬಳ ತೆಗೆದಿದ್ದೇನೆ, ಎಣಿಸಿದ್ದೇನೆ. ಕಲ್ಲು ನೋಡಿದೆವಾ ಅಂದರೆ, ನೋಡಿದೆವು, ಕೊಡೆಯ ಕೆಳಗಿಂದ.

ನಗರದ ಹತ್ತಿರದ ಹಳ್ಳಿಯವಳು:

ಅಕ್ಕ, ನಮ್ಮ ತವರು ಆ ಕಡೆಯೇ, ಬಿದನೂರು ನಗರದ ಹತ್ತಿರ. ಚಿಕ್ಕವಳಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ಜಾಗಗಳು ಅವು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮನಸ್ಸಲ್ಲಿರುವ ಚಿತ್ರ ತೆಗೆದುಹಾಕಿ. ಫೋಟೋದಲ್ಲಿ ನೋಡಿದ ಹಾಗೆ ದುಂಡಗೆ ನಿಂತ ಕಲ್ಲಲ್ಲ ಇವು. ಬಯಲುಸೀಮೆ ಕಡೆ ಸಾಲಾಗಿ, ಚೌಕ ಮನೆ ಹಾಕಿದ ಹಾಗೆ ನೆಟ್ಟ ಕಲ್ಲುಗಳಿವೆಯಲ್ಲ, ಹಾಗೂ ಅಲ್ಲ. ನೋಡಿದ ಕೂಡಲೇ ಯಾರೋ ಸುಮ್ನೆ ಅಲ್ಲೊಂದು ಇಲ್ಲೊಂದು ನಿಲ್ಲಿಸಿದ ಹಾಗೆ ಕಾಣುತ್ತದೆ. ಕೆಲವು ನೆಟ್ಟಗಿವೆ, ಕೆಲವು ವಾಲಿವೆ, ಬಿದ್ದವೂ ಇವೆ. ಹೆಚ್ಚಿನವು ದಪ್ಪ ಹಲಗೆಯ ಹಾಗೆ, ಅಗಲದ ಮುಖ ಪೂರ್ವಕ್ಕೂ ಪಶ್ಚಿಮಕ್ಕೂ. ಮಗಳ ಕೈಗೆ ದಿಕ್ಸೂಚಿ ಕೊಡಿ. ಒಂದಾದ ಮೇಲೆ ಒಂದು ಕಲ್ಲಿಗೆ ಹಿಡಿದು ನೋಡಲಿ, ಅವಳಿಗೇ ಗೊತ್ತಾಗುತ್ತದೆ.

ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಅವರ ಜೊತೆಯವರು ಇಲ್ಲಿ ಅಳತೆ ಮಾಡಿದ ಸಂಶೋಧಕರು. ಕೆಲವು ಜೋಡಿ ಕಲ್ಲುಗಳ ಗೆರೆ ಹಿಡಿದು ನೋಡಿದರೆ ಹಗಲು ಅತಿ ಉದ್ದವಾದ ಜೂನ್ 21, ಅತಿ ಚಿಕ್ಕದಾದ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ಸರಿಹೊಂದುತ್ತದೆ ಎಂದು ತೋರಿಸಿದರು. ಬರೀ ನಿಲಸ್ಕಲ್, ಬೈಸೆ ಮಾತ್ರ ಅಲ್ಲ. ಹೆರಗಲ್, ಮುಂಬಾರು, ಆರಗ ಗೇಟ್ ಕಡೆಯ ಕಲ್ಲುಗಳನ್ನೂ ನೋಡಿದ್ದಾರೆ.

ಈಗ ತಮಾಷೆ ನೋಡಿ. ಜೂನ್ 21ಕ್ಕೆ ನಮ್ಮೂರಲ್ಲಿ ಸೂರ್ಯ ಎಲ್ಲಿರುತ್ತಾನೆ ಮಾರಾಯ್ರೇ! ಮುಂಗಾರು ಹಿಡಿದರೆ ಬಟ್ಟೆ ಒಣಗಿಸಲು ಒಲೆ ಮುಂದೆ ಹಗ್ಗ ಕಟ್ಟುವ ಕಾಲ ಅದು. ಮಳೆ ಸುರಿಯುವ ಹುಲಿಕಲ್ ಘಾಟಿ ಇಲ್ಲೇ ಪಕ್ಕ. ಹಾಗಾಗಿ ಡಿಸೆಂಬರ್‌ಗೆ ಬನ್ನಿ. 21ನೇ ತಾರೀಖೇ ಆಗಬೇಕೆಂದಿಲ್ಲ. ಆ ವಾರದಲ್ಲಿ ಸೂರ್ಯ ಹುಟ್ಟುವ ಜಾಗ ಕಣ್ಣಿಗೆ ಗೊತ್ತಾಗುವಷ್ಟು ಸರಿಯುವುದಿಲ್ಲ. ಹತ್ತಿರದ ಭಾನುವಾರ ಸಾಕು.

ಬೆಳಗ್ಗೆ ಬೇಡ, ಸಂಜೆಗೆ ಬನ್ನಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಮಂಜು ಎಂದರೆ ಮಂಜು, ಎದುರಿನ ಅಡಿಕೆ ಮರ ಕಾಣುವುದಿಲ್ಲ. ಸಂಜೆ ಆರು ಗಂಟೆಯ ಹೊತ್ತಿಗೆ ಸೂರ್ಯ ಇಳಿಯುತ್ತಾನೆ. ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 24 ಡಿಗ್ರಿ ಎಡಕ್ಕೆ, ಅಂದರೆ ನೈಋತ್ಯದ ಕಡೆಗೆ. ನಾಲ್ಕೂವರೆಗೇ ಹೋಗಿ ನಿಂತುಕೊಳ್ಳಿ. ಹೊತ್ತು ಇಳಿದ ಹಾಗೆ ಒಂದೊಂದು ಕಲ್ಲಿನ ನೆರಳೂ ಉದ್ದ ಆಗುತ್ತಾ ಹುಲ್ಲಿನ ಮೇಲೆ ಹರಿಯುತ್ತದೆ. ಮಧ್ಯಾಹ್ನ ಬಂದು "ಇಷ್ಟೇನಾ" ಎಂದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಹೀಗೆ ಮಾಡಿ. ಮಗಳು ಒಂದು ಕಲ್ಲಿನ ಹಿಂದೆ ಕೂತು ಇನ್ನೊಂದರ ಅಂಚು ಹಿಡಿದು ನೋಡಲಿ. ಯಾವ ಜೋಡಿ ಸರಿ ಎಂದು ಮೊದಲೇ ಹೇಳಬೇಡಿ. ಒಂದು ಮಾತು ಮಾತ್ರ ಹೇಳಿ. ಇಷ್ಟೊಂದು ಕಲ್ಲು ಇರುವಾಗ ಯಾವುದೋ ಎರಡು ಸುಮ್ನೆ ಕೂಡಿಬರಲೂಬಹುದು ಅಲ್ವಾ? ಅದಕ್ಕೇ ತಿಳಿದವರು ಒಂದು ಜೋಡಿ ಸಿಕ್ಕಿದ ಕೂಡಲೇ ಕುಣಿಯುವುದಿಲ್ಲ.

ಇನ್ನೊಂದು. ಒಂದು ಕಲ್ಲಿನ ಮೂಲೆ ಸೊಂಟದ ಎತ್ತರದಲ್ಲಿ ನುಣ್ಣಗೆ ಹೊಳೆಯುತ್ತದೆ. ಉಳಿದ ಕಡೆಯೆಲ್ಲ ಬೂದುಬಣ್ಣದ ಪಾಚಿ, ಅಲ್ಲಿ ಮಾತ್ರ ಇಲ್ಲ. ನಾನು ಕೆತ್ತನೆ ಇರಬೇಕು ಎಂದುಕೊಂಡಿದ್ದೆ. ಅಣ್ಣ ನಕ್ಕ. ನಮ್ಮ ದನಗಳೇ ತಲೆಮಾರಿನಿಂದ ಕುತ್ತಿಗೆ ಉಜ್ಜಿ ಉಜ್ಜಿ ಮಾಡಿದ ನುಣುಪು ಅದು.

ಶಿವಮೊಗ್ಗ ಪೇಟೆಯವರು:

ಕೇಳಿದವರ ಮೈದುನ ಹೋಗಿದ್ದು ಆರ್ಕ್ನಿಯ ಬಾರ್ನ್‌ಹೌಸ್ ಇರಬೇಕು. ಮಗಳ ಮನೆಗೆ ಹೋದಾಗ ನಾನೂ ನೋಡಿದ್ದೇನೆ. ಸ್ಟೆನ್ನೆಸ್ ಎಂಬಲ್ಲಿನ ನಿಂತ ಕಲ್ಲುಗಳಿಂದ ಐದು ನಿಮಿಷದ ನಡಿಗೆ, ಕೆರೆಯ ದಡದಲ್ಲಿ. 1984ರಲ್ಲಿ ಕಾಲಿನ್ ರಿಚರ್ಡ್ಸ್ ಎಂಬವರು ಗುರುತಿಸಿದ ಜಾಗ. ಅಗೆದಾಗ ಕನಿಷ್ಠ 15 ಮನೆಗಳ ತಳಪಾಯ ಸಿಕ್ಕಿತು. ಈಗ ಅಲ್ಲಿ ಕಾಣುವುದು ಮೊಣಕಾಲೆತ್ತರದ ಗೋಡೆ, ಅದೂ ಕೆಲವು ಮನೆಗಳದ್ದು ಮಾತ್ರ, ನೋಡುವವರಿಗೆಂದು ಮತ್ತೆ ಕಟ್ಟಿದ್ದು. ಮನೆಯ ನಡುವೆ ಚೌಕ ಒಲೆಗುಂಡಿ, ಸುತ್ತ ಮಲಗುವ ಕಟ್ಟೆ. ನನಗೆ ನಮ್ಮ ಅಜ್ಜಿಯ ಒಲೆ ಕೋಣೆ ನೆನಪಾಯಿತು. ಗಾಳಿ ಮಾತ್ರ ಮನುಷ್ಯರನ್ನು ಎತ್ತಿ ಎಸೆಯುತ್ತದೆ.

ಅಲ್ಲಿ ಕೇಳಿದ ಒಂದು ಕಥೆ ನಿಮಗೂ ಬೇಕಾಗಬಹುದು. ಆ ಕಲ್ಲುಗಳ ಹತ್ತಿರ ತೂತಿರುವ ಓಡಿನ್ ಕಲ್ಲು ಎಂದು ಒಂದಿತ್ತು. ಪ್ರೀತಿಸಿದವರು ಆ ತೂತಿನಲ್ಲಿ ಕೈ ಹಿಡಿದು ಆಣೆ ಇಡುತ್ತಿದ್ದರಂತೆ. ಹೊರಗಿನಿಂದ ಬಂದು ಆ ಜಮೀನು ಗೇಣಿಗೆ ಹಿಡಿದವನಿಗೆ, ನೋಡುವವರು ತನ್ನ ಹೊಲ ತುಳಿದು ಹಾಳು ಮಾಡುತ್ತಾರೆ ಎಂದು ಸಿಟ್ಟು. 1814ರಲ್ಲಿ ಆ ಕಲ್ಲನ್ನು ಒಡೆದೇ ಹಾಕಿದ. ಊರವರು ಅವನ ಮನೆಗೆ ಬೆಂಕಿ ಇಡಲು ಹೊರಟರು, ಆದರೆ ಕಲ್ಲು ಹೋಗಿತ್ತು. ನಮ್ಮ ಕಡೆಯೂ ಇಂಥ ಕಲ್ಲು ಎಷ್ಟೋ ಸಲ ಯಾರದ್ದೋ ಬ್ಯಾಣದಲ್ಲೋ ತೋಟದ ಅಂಚಲ್ಲೋ ಇರುತ್ತದೆ. ಬೇಲಿಯ ದಣಪೆ ತೆಗೆದರೆ ಮತ್ತೆ ಹಾಕಿ. ಮನೆ ಕಂಡರೆ ಒಂದು ಮಾತು ಕೇಳಿ ಒಳಗೆ ಹೋಗಿ.

ನಗರದ ಹತ್ತಿರದ ಹಳ್ಳಿಯವಳು:

ಹೌದು ಹೌದು. ಕಲ್ಲಿನ ಬುಡದಲ್ಲಿ ಕುಂಕುಮ, ಹೂವು ಕಂಡರೆ ಅದನ್ನು ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ನಿಮಗೆ ಅದು ಇತಿಹಾಸ, ನಮ್ಮ ಅತ್ತಿಗೆಗೆ ಅದು ಚೌಡಿ ದೇವರು.

ಚಿತ್ರದುರ್ಗದಲ್ಲಿ ಮೇಷ್ಟ್ರಾಗಿರುವ ಭದ್ರಾವತಿಯವರು:

ಹಳ್ಳಿಯ ಗುರುತು ಕಾಣುತ್ತಾ ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಿಲಸ್ಕಲ್ಲಿನಲ್ಲಿ ಆರ್ಕ್ನಿಯ ಹಾಗೆ ಮನೆಯ ಗೋಡೆ ಹುಡುಕಬೇಡಿ, ಮಗುವಿಗೆ ಬೇಸರ ಆಗುತ್ತದೆ. ಕಾಲವೂ ಬೇರೆ. ಆರ್ಕ್ನಿಯದ್ದು ನವಶಿಲಾಯುಗ, ಕಲ್ಲಿನ ಕೊಡಲಿಯ ಕಾಲ. ನಮ್ಮ ಕಲ್ಲುಗಳನ್ನು ಸೇರಿಸುವುದು ದೊಡ್ಡ ಕಲ್ಲು ನಿಲ್ಲಿಸಿದವರ ಬೃಹತ್ ಶಿಲಾ ಸಂಸ್ಕೃತಿಗೆ, ದಕ್ಷಿಣದಲ್ಲಿ ಅದು ಹೆಚ್ಚಾಗಿ ಕಬ್ಬಿಣ ಬಂದ ಮೇಲಿನ ಮಾತು. ಹೆಸರಲ್ಲಿ ಶಿಲಾ ಇದೆ ಎಂದು ಎರಡನ್ನೂ ಒಂದು ಮಾಡುವವರು ಜಾಸ್ತಿ, ಪಾಠ ಮಾಡುವವರೂ ಸೇರಿ.

ನವಶಿಲಾಯುಗದ ಹಳ್ಳಿ ಬೇಕೆಂದರೆ ನಿಮಗೆ ಹತ್ತಿರದ ದೊಡ್ಡ ಹೆಸರು ಹಾವೇರಿ ಜಿಲ್ಲೆಯ ಹಳ್ಳೂರು, ತುಂಗಭದ್ರೆಯ ದಡದಲ್ಲಿ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದರು. ದುಂಡು ಮನೆಗಳ ನೆಲ ಸಿಕ್ಕಿತು. ಸುಮಾರು ಕ್ರಿ.ಪೂ. 1000ದ ಕಬ್ಬಿಣವೂ ಸಿಕ್ಕಿತು. ಕಲ್ಲಿನ ಕೊಡಲಿಯ ಜನ ಕಬ್ಬಿಣಕ್ಕೆ ಬಂದ ಹೊತ್ತು ಅಲ್ಲಿ ಮಣ್ಣಿನ ಪದರದಲ್ಲೇ ಇದೆ. ಆದರೆ ಕಣ್ಣಿಗೆ ಕಾಣುವುದು ದಿಬ್ಬ, ಹೊಲ, ನದಿ, ಅಷ್ಟೇ.

ಹಳ್ಳಿಯ ಜಾಗ, ಕಲ್ಲು ಎರಡೂ ಒಟ್ಟಿಗೆ ಬೇಕಾದರೆ ಬ್ರಹ್ಮಗಿರಿಗೆ ಬನ್ನಿ, ಮೊಳಕಾಲ್ಮೂರು ತಾಲ್ಲೂಕು. ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದ ಜಾಗ. ಕೆಳಗೆ ಕಲ್ಲಿನ ಕೊಡಲಿಯವರು, ಮೇಲೆ ಬೃಹತ್ ಶಿಲೆಯವರು, ಅದರ ಮೇಲೆ ಇನ್ನೂ ಈಚಿನವರು. ಸತ್ತವರಿಗೆ ಮಾಡಿದ ಕಲ್ಲಿನ ಸುತ್ತುಗಳೂ ಅಲ್ಲಿವೆ. ಅಶೋಕನ ಶಾಸನವೂ ಅಲ್ಲೇ, ಅದರಲ್ಲಿ ಈ ಊರಿನ ಹೆಸರು ಇಸಿಲ. ನಾನು ವರ್ಷಕ್ಕೊಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮಡಕೆ ಚೂರು ಸಿಕ್ಕಿದರೆ ನೋಡಿ, ಇದ್ದಲ್ಲೇ ಇಡಿ. ಒಬ್ಬ ಹುಡುಗ ಜೇಬು ತುಂಬಿಸಿಕೊಂಡಿದ್ದ. ಬಸ್ಸಿನಿಂದ ಇಳಿಸಿ ವಾಪಸ್ ಕಳಿಸಿದೆ, ಅತ್ತ.

ಹೊಸನಗರದವರು:

ಊಟ ಹೊಸನಗರದಲ್ಲೇ ಮುಗಿಸಿಕೊಂಡು ಬನ್ನಿ, ಮುಂದೆ ಜಾಸ್ತಿ ಹೋಟೆಲ್ ಇಲ್ಲ. ಅತ್ತೆಯವರನ್ನು ಬಿದನೂರು ನಗರದ ದೇವಗಂಗೆ ಕೊಳದ ಹತ್ತಿರ ಕೂರಿಸಿ, ತಂಪಾಗಿದೆ. ಫೋನಿನ ದಾರಿ ನಂಬಬೇಡಿ, ನೆಟ್‌ವರ್ಕ್ ಕೈ ಕೊಡುತ್ತದೆ. "ನಿಲಸ್ಕಲ್ ಎಲ್ಲಿ" ಎಂದು ಕೇಳಿದರೆ ಊರಿಗೆ ಕಳಿಸುತ್ತಾರೆ. ಕಲ್ಲು ನೋಡಬೇಕು ಎಂದು ಬಿಡಿಸಿ ಹೇಳಿ.

ಸಾಗರದಿಂದ:

ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಕೊಳದ ಹತ್ತಿರ ಕೂರುವುದಿಲ್ಲವಂತೆ, ಚೌಡಿಗೆ ಕಾಯಿ ಒಡೆಸಬೇಕಂತೆ. ಹಾಗಾಗಿ ಮೂವರೂ ಕಲ್ಲಿನವರೆಗೆ ಹೋಗುತ್ತೇವೆ. ಡಿಸೆಂಬರ್ 20ರ ಮಧ್ಯಾಹ್ನ ಹೊರಡುವುದು, ದಿಕ್ಸೂಚಿ ಇವತ್ತೇ ತಂದಾಯಿತು. ಕಾರಲ್ಲಿ ಇನ್ನೊಬ್ಬರಿಗೆ ಜಾಗ ಇದೆ.