ಪದಚರ್ಚೆ: ಹಿಮದ ಹಾದಿಗೆ ‘ಹದ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್ ಸುತ್ತಮುತ್ತಲಿನ ಕೆಲವು ಕನ್ನಡ ಮನೆಗಳವರು ಚಳಿಗಾಲದ ವಾರಾಂತ್ಯಗಳಲ್ಲಿ ಒಟ್ಟಾಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ, ಅಂದರೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಹಾದಿಯಲ್ಲಿ ಜಾರುತ್ತ ಸಾಗುವುದಕ್ಕೆ, ಹೋಗುತ್ತೇವೆ. ಹೆಚ್ಚಾಗಿ ಊರೊಳಗಿನ ಥಿಯೊಡೋರ್ ವರ್ತ್ ಪಾರ್ಕಿಗೆ, ಆಗೊಮ್ಮೆ ಈಗೊಮ್ಮೆ ಮೇಪಲ್ ಗ್ರೋವ್‌ನ ಎಲ್ಮ್ ಕ್ರೀಕಿಗೆ. ಹಿಂದಿನ ರಾತ್ರಿ ಹವೆ ಹೇಗಿದೆ, ಹಾದಿ ಹೇಗಿದೆ ಎಂದು ನಾಲ್ಕು ಸಾಲು ಬರೆದು ಎಲ್ಲರಿಗೂ ಕಳಿಸುವ ಕೆಲಸ ನನ್ನದು. ಊರಿಂದ ಬಂದ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರೂ ಅದನ್ನು ಓದುವುದರಿಂದ ಕನ್ನಡದಲ್ಲೇ ಬರೆಯುತ್ತೇನೆ. ಓದಿದವರು ಅದನ್ನು ನಂಬಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಇಲ್ಲಿ ಪದ ಸಡಿಲವಾದರೆ ಯಾರೋ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಳ್ಳಬಹುದು. ಆದ್ದರಿಂದ ನಾನು ಬಳಸುತ್ತಿರುವ ಪದಗಳನ್ನು ನಿಮ್ಮ ಮುಂದಿಟ್ಟು, ಸರಿಯೇ ತಪ್ಪೇ ಎಂದು ಕೇಳುತ್ತಿದ್ದೇನೆ. ಅದರಲ್ಲೂ ‘ಹದ’ ಎಂಬ ಒಂದು ಪದದ ಬಗ್ಗೆ.

ಮೊದಲಿಗೆ ‘ಮಂಜು’. ಮಡಿಕೇರಿಯನ್ನು ಮಂಜಿನ ನಗರಿ ಎಂದಾಗ ನಮ್ಮ ಮನಸ್ಸಿಗೆ ಬರುವುದು ಗುಡ್ಡ ಮುಚ್ಚಿದ ಕಾವಳ. ‘ಮಂಜು ಬೀಳ್ತಿದೆ, ತಲೆಗೆ ಬಟ್ಟೆ ಕಟ್ಕೊ’ ಎಂದು ಅಜ್ಜಿ ಹೇಳಿದರೆ ಅದು ಇಬ್ಬನಿ. ಕಾಶ್ಮೀರದ ಸುದ್ದಿಯಲ್ಲಿ ಮಂಜು ಎಂದರೆ ಹಿಮ. ಮೀನಿನ ಪೆಟ್ಟಿಗೆಗೆ ಹಾಕುವ ಮಂಜುಗಡ್ಡೆ ಐಸು. ಕರ್ನಾಟಕದಲ್ಲಿ ಇವೆಲ್ಲ ಒಂದೇ ಹೊತ್ತಿಗೆ ಎದುರಾಗುವುದಿಲ್ಲ, ಹಾಗಾಗಿ ಒಂದು ಪದ ಸಾಕಾಯಿತು. ಇಲ್ಲಿ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮರಗಳ ನಡುವೆ ಕಾವಳ, ಹಾದಿಯ ಮೇಲೆ ಹಿಮ, ಇಳಿಜಾರಿನ ತಿರುವಿನಲ್ಲಿ ಐಸ್ ಮೂರೂ ಇರುತ್ತವೆ. ‘ಹಾದಿಯಲ್ಲಿ ಮಂಜಿದೆ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ವರದಿಯಲ್ಲಿ ಮಂಜು ಎಂಬುದನ್ನು ಪೂರ್ತಿ ಬಿಟ್ಟು ಕಾವಳ, ಹಿಮ, ಐಸ್ ಎಂದು ಮೂರಾಗಿ ಒಡೆದಿದ್ದೇನೆ. ಐಸಿಗೆ ‘ನೀರ್ಗಲ್ಲು’ ಎಂದು ಬರೆಯುವವರೂ ಇದ್ದಾರೆ. ಚೆಂದದ ಪದವೇ. ಆದರೆ ಓದಿದ ಕೂಡಲೇ ಎಚ್ಚರವಾಗಬೇಕಾದ ಕಡೆ ಎಲ್ಲರ ಬಾಯಲ್ಲಿರುವ ‘ಐಸ್’ ಇರಲಿ ಎಂಬುದು ನನ್ನ ಅಭಿಪ್ರಾಯ.

ಈ ಒಡಕು ಎಷ್ಟು ಮುಖ್ಯ ಎನ್ನುವುದು ಕೆರೆಗಳ ಹತ್ತಿರ ಹೋದಾಗ ಗೊತ್ತಾಗುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ಸ್ಕೀ ಮಾಡುತ್ತಾರೆ. ಕಾಲ್ನಡಿಗೆಗೆ ಕನಿಷ್ಠ 4 ಅಂಗುಲ ದಪ್ಪದ ತಿಳಿಯಾದ ಐಸ್ ಬೇಕು, ಬೆಳ್ಳಗಿನ ಐಸಾದರೆ ಅದರ ಎರಡರಷ್ಟು ಬೇಕು ಎಂದು ಮಿನಿಸೋಟದ ನಿಸರ್ಗ ಸಂಪನ್ಮೂಲ ಇಲಾಖೆ ಹೇಳುತ್ತದೆ. ಮೇಲೆ ಒಂದಡಿ ಹಿಮ ಕೂತಿದ್ದರೂ ಕೆಳಗಿನ ಐಸ್ ತೆಳ್ಳಗಿರಬಹುದು. ಹಿಮ ಹೊದಿಕೆಯಾಗಿ ಚಳಿಯನ್ನು ತಡೆಯುವುದರಿಂದ ಐಸ್ ದಪ್ಪವಾಗುವುದೇ ನಿಧಾನ. ‘ಕೆರೆಯ ಮೇಲೆ ಒಂದಡಿ ಮಂಜು ಇದೆ’ ಎಂಬ ಮಾತನ್ನು ಯಾರಾದರೂ ಐಸ್ ಎಂದು ಓದಿಕೊಂಡರೆ ಏನಾಗಬಹುದೆಂದು ನೀವೇ ಯೋಚಿಸಿ.

ಇನ್ನು ‘ಹಿಮಪಾತ’. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದ ರಾಶಿ ಕುಸಿದು, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮತ್ತು ಅವರ ಸಂಗಡಿಗರು ಅದರಡಿ ಸಿಲುಕಿದ ದಿನಗಳು ನಮಗೆಲ್ಲ ನೆನಪಿವೆ. ಆಗ ಕನ್ನಡದ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಂಡ ಪದ ಹಿಮಪಾತ. ಶಿಮ್ಲಾದಲ್ಲಿ ಪ್ರವಾಸಿಗರು ಖುಷಿಪಡುವುದೂ ಹಿಮಪಾತಕ್ಕೇ. ‘ನಾಳೆ ಇಲ್ಲಿ ಹಿಮಪಾತ’ ಎಂದು ಬರೆದರೆ ಹುಬ್ಬಳ್ಳಿಯಲ್ಲಿರುವ ತಾಯಿಯೊಬ್ಬರು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಗುಡ್ಡ ಕುಸಿತ, ಭೂಕುಸಿತ ನಮ್ಮ ಜನಕ್ಕೆ ಈಗ ಚೆನ್ನಾಗಿಯೇ ಗೊತ್ತಿರುವ ಮಾತುಗಳು. ಅದೇ ಜಾಡಿನಲ್ಲಿ ಅನಾಹುತಕ್ಕೆ ‘ಹಿಮಕುಸಿತ’ವನ್ನು ಮೀಸಲಿಟ್ಟು, ಆಕಾಶದಿಂದ ಬೀಳುವುದಕ್ಕೆ ‘ಹಿಮ ಬಿತ್ತು’, ‘ಹಿಮ ಸುರಿಯಿತು’ ಎಂದರೆ ಸಾಕು. ಪಾತ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾದಿಯ ಹಿಮ ಇವತ್ತು ಸ್ಕೀಗೆ ಹೇಗಿದೆ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಬೇಕು. ‘ಸ್ಥಿತಿ’, ‘ಪರಿಸ್ಥಿತಿ’, ‘ಸ್ಥಿತಿಗತಿ’ ಎಲ್ಲವನ್ನೂ ಬರೆದು ನೋಡಿದೆ. ಅವುಗಳಲ್ಲಿ ಆಸ್ಪತ್ರೆಯ ವಾಸನೆಯೋ ಸರ್ಕಾರಿ ಪ್ರಕಟಣೆಯ ವಾಸನೆಯೋ ಇದೆ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಸೀಮೆಯಲ್ಲಿ. ಮಳೆಯಾದ ಮರುದಿನ ಹೊಲಕ್ಕೆ ಹೋದವರು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡುತ್ತಾರೆ. ಉಂಡೆ ಕಟ್ಟದೆ ಉದುರಿದರೆ ಒಣ; ಬೆರಳಿಗೆ ಮೆತ್ತಿಕೊಂಡರೆ ಹಸಿ ಜಾಸ್ತಿ; ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟಾಗ ನೆಲದ ಮೇಲೆ ಒಡೆದು ಚದುರಿದರೆ ‘ಹದ ಬಂದಿದೆ, ಆರು (ನೇಗಿಲು) ಕಟ್ಟಬಹುದು’ ಎನ್ನುತ್ತಾರೆ. ಇಲ್ಲಿ ಸ್ಕೀ ಮಾಡುವವರು ಹಾದಿಯ ಬಾಯಲ್ಲಿ ನಿಂತು ಮಾಡುವುದೂ ಇದನ್ನೇ. ಕೈಗವಸಿನಲ್ಲಿ ಒಂದು ಹಿಡಿ ಹಿಮ ತೆಗೆದುಕೊಂಡು ಅದುಮುತ್ತಾರೆ. ಪುಡಿಪುಡಿಯಾಗಿ ಉದುರಿತೆಂದರೆ ಒಣ ಹಿಮ. ಸ್ಕೀಯ ಅಡಿಗೆ ಹಚ್ಚಲು ಹಸಿರು ಇಲ್ಲವೇ ನೀಲಿ ಮೇಣ ನಡೆಯುತ್ತದೆ. ಉಂಡೆ ಕಟ್ಟಿದರೆ ಸೊನ್ನೆಯ ಆಸುಪಾಸು, ನೇರಳೆ ಬೇಕು. ಅದುಮಿದಾಗ ನೀರು ಜಿನುಗಿದರೆ ಕೆಂಪಿಗೆ ಕೈ ಹಾಕಬೇಕು. ಹಿಮ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಮೇಣ ನಿಲ್ಲುವುದಿಲ್ಲ, ಟ್ಯೂಬಿನಲ್ಲಿ ಬರುವ ಕ್ಲಿಸ್ಟರ್ ಎಂಬ ಅಂಟನ್ನೇ ಬಳಿಯಬೇಕು. ಈ ಮೇಣ ಪಾದದ ಕೆಳಗೆ ಬರುವ ಭಾಗಕ್ಕೆ ಮಾತ್ರ. ಒತ್ತಿದಾಗ ಹಿಮವನ್ನು ಕಚ್ಚಿ ಹಿಡಿದು, ಬಿಟ್ಟಾಗ ಜಾರಲು ಕೊಡುವುದು ಅದರ ಕೆಲಸ. ಅಂದಾಜು ತಪ್ಪಿದರೆ ಏರಿನಲ್ಲಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಆ ಮುಷ್ಟಿಯನ್ನು ನೋಡಿದ ಮೇಲೆ ನನಗೆ ‘ಹದ’ ಬಿಟ್ಟು ಬೇರೆ ಪದ ಒಪ್ಪಿಗೆಯಾಗುತ್ತಿಲ್ಲ. ಮಣ್ಣಾಗಲಿ ಹಿಮವಾಗಲಿ, ನೀರಿನಂಶ, ಬಿಸಿಲು, ಗಾಳಿ, ರಾತ್ರಿಯ ಚಳಿ ಸೇರಿ ಗಂಟೆ ಗಂಟೆಗೂ ಬದಲಾಗುವ ಗುಣ ಇದು. ಮಧ್ಯಾಹ್ನಕ್ಕೆ ‘ಹದ ಹೋಯ್ತು’ ಎನ್ನುವ ಮಾತೂ ಎರಡಕ್ಕೂ ಸಲ್ಲುತ್ತದೆ. ನಾರ್ವೆಯವರು ಹಿಮದ ಇದೇ ಗುಣಕ್ಕೆ ‘ಫೋರೆ’ ಎಂಬ ಒಂದೇ ಪದ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಸಮನಾದ ಒಂದು ಪದವಿಲ್ಲ, ‘ಕಂಡಿಷನ್ಸ್’ ಎಂದು ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಇರುವಾಗ ನಾವೇಕೆ ಬಿಡಬೇಕು?

ಒಂದು ಆಕ್ಷೇಪ ಬರಬಹುದು, ಬಂದೂ ಇದೆ. ನಮ್ಮ ಗುಂಪಿನ ಹಿರಿಯರೊಬ್ಬರು ‘ಹದ ಅಂದ್ರೆ ಸರಿಯಾಗಿರೋದು ಅಂತಲೇ ಅಲ್ವೇನಪ್ಪಾ, ಹದ ಹೇಗಿದೆ ಅಂತ ಯಾರಾದ್ರೂ ಕೇಳ್ತಾರಾ?’ ಎಂದರು. ಹದವಾದ ಬಿಸಿ, ಹದವಾದ ಪಾಕ ಎನ್ನುವಾಗ ಅದು ‘ತಕ್ಕಷ್ಟು’ ಎಂಬ ಅರ್ಥವನ್ನೇ ಕೊಡುತ್ತದೆ, ನಿಜ. ಆದರೆ ‘ಹದ ನೋಡು’ ಎನ್ನುವಾಗ ಹದ ಇನ್ನೂ ಗೊತ್ತಿಲ್ಲದ ಸಂಗತಿ. ‘ಹದಗೆಟ್ಟ ರಸ್ತೆ’ಯಂತೂ ಪತ್ರಿಕೆ ತೆರೆದರೆ ದಿನಾ ಸಿಗುತ್ತದೆ. ರಸ್ತೆಗೆ ಕೆಡುವುದಕ್ಕೊಂದು ಹದ ಇದೆಯೆಂದಾದರೆ ಹಿಮದ ಹಾದಿಗೂ ಇರಬಹುದಲ್ಲ? ಹಾಗೆಂದು ‘ಇವತ್ತಿನ ಹದ: ಐಸ್ ಜಾಸ್ತಿ, ಮಕ್ಕಳಿಗೆ ಬೇಡ’ ಎಂದು ಬರೆಯುತ್ತಿದ್ದೇನೆ. ಓದುವಾಗ ಕಿವಿಗೆ ಚುಚ್ಚುತ್ತದೆಯೇ? ಇದನ್ನೇ ನಾನು ನಿಮ್ಮಿಂದ ತಿಳಿಯಬೇಕಾದದ್ದು.

‘ಹದ’ ಇಟ್ಟುಕೊಂಡರೆ ಅದರ ಕ್ರಿಯಾಪದ ತಾನಾಗಿ ಬರುತ್ತದೆ. ಪಾರ್ಕಿನವರು ಯಂತ್ರ ಓಡಿಸಿ ಹಿಮವನ್ನು ಕೆದಕಿ, ಅಮುಕಿ, ಮಟ್ಟ ಮಾಡುವುದಕ್ಕೆ ‘ಹಾದಿ ಹದ ಮಾಡಿದ್ದಾರೆ’. ಯಂತ್ರ ಹೋದ ಮೇಲೆ ಹಾದಿಯ ಮೈಯೆಲ್ಲ ಸಣ್ಣ ಗೀರುಗಳು ಸಾಲಾಗಿ ಉಳಿಯುತ್ತವೆ. ಪಕ್ಕದಲ್ಲಿ, ಸ್ಕೀ ಎರಡೂ ಕೂರುವಂತೆ, ಎರಡು ಸಮನಾದ ಕಾಲುವೆಗಳನ್ನು ಕೊರೆಯುತ್ತಾರೆ. ಇದಕ್ಕೆ ‘ಸಾಲು’ ಎಂದು ಒಂದಷ್ಟು ದಿನ ಬರೆದೆ. ಕೂರಿಗೆ ಸಾಲಿನ ನೆನಪಿನಿಂದ. ಈಗ ‘ಜಾಡು’ ಎನ್ನುತ್ತೇನೆ, ಇದರಲ್ಲಿ ಅನುಮಾನವಿಲ್ಲ. ಸಾಲಿನಲ್ಲಿ ಬೀಜ ಬೀಳುತ್ತದೆ, ಜಾಡು ಹಿಡಿದು ಮನುಷ್ಯ ಹೋಗುತ್ತಾನೆ. ‘ಜಾಡು ಗಟ್ಟಿಯಾಗಿದೆ’, ‘ಜಾಡು ಅಳಿಸಿದೆ’, ‘ಜಾಡಿನಲ್ಲಿ ಎಲೆ ಕಸ ಬಿದ್ದಿದೆ’ ಎಲ್ಲ ಸಲೀಸಾಗಿ ಬರುತ್ತವೆ. ಊರಿಂದ ಬಂದವರಿಗೆ ತಪ್ಪದೇ ಹೇಳಬೇಕಾದ ಮಾತೂ ಸುಲಭವಾಯಿತು: ‘ಜಾಡಿನೊಳಗೆ ಕಾಲಿಡಬೇಡಿ.’ ಬೂಟಿನ ಗುಂಡಿ ರಾತ್ರಿ ಹೆಪ್ಪುಗಟ್ಟಿದರೆ ಮತ್ತೆ ಯಂತ್ರ ಬರುವವರೆಗೂ ಹಾಗೇ ಇರುತ್ತದೆ.

ಹದ ಮಾಡಿದ ಕೂಡಲೇ ಹಾದಿಗೆ ಇಳಿಯಬಾರದು, ಕೆಲವು ಗಂಟೆ ಬಿಡಬೇಕು. ಕೆದಕಿದ ಹಿಮದ ಕಣಗಳು ಒಂದಕ್ಕೊಂದು ತಾಗಿದ ಕಡೆ ಬೆಸೆದುಕೊಂಡು ಗಟ್ಟಿಯಾಗಲು ಹೊತ್ತು ಬೇಕು. ಅದಕ್ಕೇ ಈ ಕೆಲಸ ಹೆಚ್ಚಾಗಿ ರಾತ್ರಿಯಲ್ಲಿ ನಡೆಯುತ್ತದೆ. ಇದಕ್ಕೆ ‘ಹಿಮ ಕೂತಿದೆ’, ‘ಇನ್ನೂ ಕೂತಿಲ್ಲ’ ಎನ್ನುತ್ತೇನೆ. ಮಣ್ಣು ಕೂತಿದೆ ಎನ್ನುವುದು ನಮ್ಮಲ್ಲಿ ಇದ್ದೇ ಇದೆ.

ಹಿಮದ ಬಗೆಗಳಿಗೆ ಬಂದರೆ, ಹೊಸದಾಗಿ ಬಿದ್ದದ್ದಕ್ಕೆ ‘ಹೊಸ ಹಿಮ’. ‘ಹಸಿ ಹಿಮ’ ಎಂದರೆ ಕೆಲವರು ಹೊಸದೆಂದೂ ಕೆಲವರು ಒದ್ದೆಯೆಂದೂ ತಿಳಿಯುತ್ತಾರೆ, ಹಾಗಾಗಿ ಬೇಡ. ಹಗಲು ಕರಗಿ ರಾತ್ರಿ ಗಟ್ಟಿಯಾಗಿ, ಹೀಗೇ ನಾಲ್ಕಾರು ದಿನ ಕಳೆದಾಗ ಹಿಮ ಕಾಳುಕಾಳಾಗುತ್ತದೆ. ಅದಕ್ಕೆ ‘ರವೆ ಹಿಮ’, ಇನ್ನೂ ದಪ್ಪವಾದರೆ ‘ನುಚ್ಚು ಹಿಮ’. ಮೇಲೆ ಮಾತ್ರ ಗಟ್ಟಿ ಪದರ ಕಟ್ಟಿ ಒಳಗೆ ಮೆತ್ತಗಿದ್ದರೆ ‘ಹಕ್ಕಳೆ’. ಹುಣ್ಣಿನ ಮೇಲಿನ ಹಕ್ಕಳೆಯ ನೆನಪು ಬರುತ್ತದೆ ಎಂದು ಇದನ್ನು ಒಪ್ಪದವರಿದ್ದಾರೆ. ನೀರಾಡುವ ಹಿಮಕ್ಕೆ ‘ರೊಜ್ಜು’ ಎಂದರೆ ಬೆಂಗಳೂರು ಮೈಸೂರಿನವರಿಗೆ ತಟ್ಟನೆ ಅರ್ಥವಾಗುತ್ತದೆ, ಆದರೆ ರೊಜ್ಜಿನಲ್ಲಿ ಕೊಳಕೂ ಸೇರಿದೆ. ಧಾರವಾಡದ ಗೆಳತಿ ‘ರಾಡಿ’ ಎನ್ನುತ್ತಾಳೆ, ಅದರಲ್ಲೂ ಅದೇ ತೊಡಕು.

ಯಂತ್ರದಿಂದ ಮಾಡಿದ ಹಿಮಕ್ಕೆ ‘ಕೃತಕ ಹಿಮ’ ಎಂಬುದು ನನಗೆ ಒಪ್ಪಿಗೆಯಿಲ್ಲ. ಅದು ಬೇರೆ ಯಾವುದೋ ವಸ್ತುವಲ್ಲ, ನೀರು ಮತ್ತು ಗಾಳಿಯೇ. ಚಳಿ ಸಾಲದಿದ್ದರೆ ಅದನ್ನು ಮಾಡಲೂ ಆಗುವುದಿಲ್ಲ, ಗಾಳಿಯ ತೇವ ಕಡಿಮೆಯಿದ್ದಷ್ಟೂ ಅನುಕೂಲ. 2023-24ರ ಚಳಿಗಾಲ ಇಲ್ಲಿನ ದಾಖಲೆಗಳಲ್ಲೇ ಅತಿ ಬೆಚ್ಚಗಿನದು. ಕಾಡಿನ ಹಾದಿಗಳೆಲ್ಲ ಬೋಳಾಗಿದ್ದವು. ಆ ಫೆಬ್ರುವರಿಯಲ್ಲಿ ವರ್ತ್ ಪಾರ್ಕಿನಲ್ಲಿ ಸ್ಕೀ ವಿಶ್ವಕಪ್ ನಡೆಯಿತೆಂದರೆ ಅದು ಯಂತ್ರದ ಹಿಮದ ದಯೆ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ 50 ಕಿಲೊಮೀಟರ್ ಕಾಡು ದಾಟುವ ಬಿರ್ಕಬೈನರ್ ಎಂಬ ಸ್ಕೀ ಓಟವೂ ಆ ವರ್ಷ ಯಂತ್ರದ ಹಿಮ ಹಾಸಿದ 10 ಕಿಲೊಮೀಟರಿನ ಸುತ್ತಿನಲ್ಲೇ ನಡೆಯಿತು. ಅಷ್ಟು ಜನರನ್ನು ಹೊತ್ತ ಹಿಮವನ್ನು ಕೃತಕ ಎನ್ನಲು ಮನಸ್ಸು ಬಾರದು. ‘ಯಂತ್ರದ ಹಿಮ’ ಸಾಕು.

ತಾಪಮಾನದ ಬಗ್ಗೆ ಒಂದೇ ಮಾತು. ಇಲ್ಲಿನವರು ‘ನಾಳೆ ಸೊನ್ನೆ’ ಎಂದರೆ ಅದು ಫ್ಯಾರನ್‌ಹೀಟ್ ಸೊನ್ನೆ, ನಮ್ಮ ಲೆಕ್ಕದಲ್ಲಿ ಮೈನಸ್ 18. ಅದರ ಜೊತೆ ಗಂಟೆಗೆ 24 ಕಿಲೊಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಮೈನಸ್ 28ರಷ್ಟು ಚಳಿ, ಬರಿಮೈ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಹಾಗಾಗಿ ಸೆಲ್ಸಿಯಸ್ ಮಾತ್ರ ಬರೆಯುತ್ತೇನೆ, ಪಕ್ಕದಲ್ಲಿ ‘ಗಾಳಿ ಸೇರಿ’ ಎಂದು ಇನ್ನೊಂದು ಅಂಕಿ.

ಈಗ ನಾನು ಕಳಿಸುವ ವರದಿ ಹೀಗಿರುತ್ತದೆ: ‘ವರ್ತ್, ಭಾನುವಾರ ಬೆಳಗ್ಗೆ. ಮೈನಸ್ 9, ಗಾಳಿ ಸೇರಿ ಮೈನಸ್ 14. ರಾತ್ರಿ ಎರಡು ಅಂಗುಲ ಹೊಸ ಹಿಮ. ಹಾದಿ ಹದ ಮಾಡಿದ್ದಾರೆ, ಎಂಟರ ಹೊತ್ತಿಗೆ ಕೂತಿರುತ್ತದೆ. ಜಾಡು ಚೆನ್ನಾಗಿದೆ. ಕೊನೆಯ ಇಳಿಜಾರಿನ ತಿರುವಿನಲ್ಲಿ ಹಿಮದಡಿ ಐಸ್ ಇದೆ. ಹೊಸಬರು ಸ್ಕೀ ಬಿಚ್ಚಿ, ಹಾದಿಯ ಅಂಚಿನಲ್ಲಿ ನಡೆದು ಇಳಿಯಿರಿ. ನೀಲಿ ಮೇಣ.’

ಇದು ನಮ್ಮ ನಾಲ್ಕು ಮನೆಗಳ ವಿಷಯವಷ್ಟೇ ಅಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸುತ್ತಿದ್ದಾರೆ. ಅವರ ಓಟದ ಸುದ್ದಿಯನ್ನು ಕನ್ನಡದಲ್ಲಿ ಬರೆಯುವವರಿಗೂ ಅವತ್ತು ಹಿಮ ಹೇಗಿತ್ತು ಎಂದು ಹೇಳುವ ಮಾತು ಬೇಕಲ್ಲ.

ಬಲ್ಲವರು ಮೂರು ವಿಷಯ ತಿಳಿಸಿ. ‘ಹದ ಹೇಗಿದೆ?’ ಎಂದು ಕೇಳುವ ರೂಢಿ ನಿಮ್ಮ ಕಡೆ, ಹೊಲದ ಮಾತಿನಲ್ಲಾದರೂ, ಇದೆಯೇ? ಗದ್ದೆ ಒಣಗುವಾಗ ಮೇಲೆ ಕಟ್ಟುವ ತೆಳು ಪದರಕ್ಕೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಏನನ್ನುತ್ತಾರೆ? ಹಕ್ಕಳೆಯ ಬದಲು ಅದನ್ನು ಇಟ್ಟುಕೊಳ್ಳಬಹುದು. ಕೊಳಕಿನ ಸೋಂಕಿಲ್ಲದೆ ಬರೀ ನೀರಾಡುವ ಮೆತ್ತಗಿನದಕ್ಕೆ ರೊಜ್ಜು, ರಾಡಿ ಬಿಟ್ಟು ಬೇರೆ ಪದವಿದೆಯೇ? ನವೆಂಬರ್ ಕೊನೆಗೆ ಇಲ್ಲಿ ಹಿಮ ನಿಲ್ಲಲು ಶುರುವಾಗುತ್ತದೆ. ಅಷ್ಟರೊಳಗೆ ಪದಗಳ ಪಟ್ಟಿಯನ್ನು ತಿದ್ದಿ ಎಲ್ಲ ಮನೆಗಳಿಗೂ ಕಳಿಸಬೇಕೆಂದಿದ್ದೇನೆ.

ವಂದನೆಗಳು.