ಸಹಾಯ ಬೇಕು: ಡಯಾಲಿಸಿಸ್‌ನಲ್ಲಿರುವ ಅಮ್ಮನಿಗೆ ಪಿಟಿಎಚ್ 1,400

ಎಲ್ಲರಿಗೂ ನಮಸ್ಕಾರ. ನಾವು ಶ್ರೀನಿವಾಸಪುರದ ಕಡೆಯವರು. ಅಮ್ಮನಿಗೆ 5 ವರ್ಷದಿಂದ ಕೋಲಾರದಲ್ಲಿ ಡಯಾಲಿಸಿಸ್ ಮಾಡಿಸುತ್ತಿದ್ದೇವೆ.

ಈಚೆಗೆ ಮೈ ಕಡಿತ ಜಾಸ್ತಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಚಣಿಗೆಯಲ್ಲಿ ಬೆನ್ನು ಕೆರೆದುಕೊಳ್ಳುವ ಸದ್ದು ಕೇಳುತ್ತದೆ. ಆಟೋ ಇಳಿದರೆ ಸೊಂಟ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಾರೆ. ಮೊನ್ನೆ ರಿಪೋರ್ಟ್ ಬಂತು: ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್, ತುಂಬಾ ಜಾಸ್ತಿ) 1,400, ಫಾಸ್ಫರಸ್ 7.2, ಕ್ಯಾಲ್ಸಿಯಂ 10.4.

ಡಾಕ್ಟರ್ ಬಿಡಿಸಿ ಹೇಳಿದರು. ಕಿಡ್ನಿ ಕೆಟ್ಟರೆ ಫಾಸ್ಫರಸ್ ರಕ್ತದಲ್ಲೇ ಉಳಿಯುತ್ತದೆ, ವಿಟಮಿನ್ ಡಿ ಕೆಲಸಕ್ಕೆ ಬರುವಂತೆ ತಯಾರಾಗುವುದಿಲ್ಲ. ಆಗ ಕತ್ತಿನಲ್ಲಿ ಥೈರಾಯ್ಡ್ ಹಿಂದಿರುವ 4 ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಊದಿಕೊಂಡು, ಪಿಟಿಎಚ್ ಜಾಸ್ತಿ ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ. ನಾವು ಮೂಳೆ ನೋವು ಅಂದ ತಕ್ಷಣ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ಕೊಡುತ್ತಿದ್ದೆವು. ತಪ್ಪು ಮಾಡಿದೆವು. ಜಾಸ್ತಿಯಾದ ಕ್ಯಾಲ್ಸಿಯಂ ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತದಂತೆ. ದಯವಿಟ್ಟು ಯಾರೂ ಕೇಳದೆ ಸುಮ್ನೆ ಕೊಡಬೇಡಿ.

ಈಗ ಊಟದ ಜೊತೆಗೇ ಫಾಸ್ಫರಸ್ ಇಳಿಸುವ ಸೆವೆಲಮರ್ ಮಾತ್ರೆ, ಪಿಟಿಎಚ್ ಇಳಿಸಲು ದಿನಕ್ಕೊಂದು ಸಿನಾಕಾಲ್ಸೆಟ್ ಮಾತ್ರೆ. ಸಿನಾಕಾಲ್ಸೆಟ್ ನುಂಗಿದ ದಿನ ವಾಂತಿ. ಯಾರಿಗಾದರೂ ಹೀಗಾಗಿತ್ತಾ? ಡಾಕ್ಟರ್ ಡೋಸ್ ಬದಲಾಯಿಸಿದರಾ? ಸೆವೆಲಮರ್ ಖರ್ಚು ತಡೆಯಲಾಗುತ್ತಿಲ್ಲ. ಜಿಲ್ಲೆಯ ಯಾವುದಾದರೂ ಜನೌಷಧಿ ಅಂಗಡಿಯಲ್ಲಿ ನಿಮಗೆ ಸಿಕ್ಕಿದೆಯಾ?

ಪಿಟಿಎಚ್ ಇಳಿಯದಿದ್ದರೆ ಗ್ರಂಥಿ ತೆಗೆಯುವ ಆಪರೇಷನ್ ಅಂದಿದ್ದಾರೆ. ಆಮೇಲೆ ಕ್ಯಾಲ್ಸಿಯಂ ದಿಢೀರನೆ ಕುಸಿಯುತ್ತದೆ, ಕೈಕಾಲು ಸೆಟೆದುಕೊಳ್ಳಬಹುದು ಎಂದೂ ಹೇಳಿದರು. ನನಗೆ ಅದೇ ಭಯ. ಮಾಡಿಸಿಕೊಂಡವರು ಬೆಂಗಳೂರಿನಲ್ಲಿ ಎಷ್ಟು ದಿನ ಇರಬೇಕಾಯಿತು, ಕಡಿತ ನಿಂತಿತಾ, ತಿಳಿಸಿ.

ಇನ್ನೊಂದು, ರಾಗಿ ಮುದ್ದೆ. ಅಮ್ಮ ಅದಿಲ್ಲದೆ ಊಟವನ್ನೇ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಡಯಟಿಷಿಯನ್ ಎಷ್ಟಕ್ಕೆ ಒಪ್ಪಿದ್ದಾರೆ?